‘ಡಿಯರ್’ ಮತ್ತು ‘ಮೃಗ’: ಬೇಟೆಯ ಕಣ್ಣಿನಲ್ಲಿ ಕಿರಿದಾದ ಅರ್ಥ

ಇಂಗ್ಲಿಷಿನ ‘ಡಿಯರ್’ ಎಂಬ ಪ್ರಾಣಿವಾಚಕಕ್ಕೆ ನಾವು ಜಿಂಕೆ ಎಂದೋ ಹುಲ್ಲೆ ಎಂದೋ ಅರ್ಥ ಹೇಳಿ ಮುಂದೆ ಸಾಗುತ್ತೇವೆ. ಇಂದಿನ ಬಳಕೆಗೆ ಅಷ್ಟು ಸಾಕು. ಆದರೆ ಇದೇ ಪದದ ಒಡಹುಟ್ಟುಗಳಾದ ಜರ್ಮನ್ ‘ಟೀರ್’, ಡಚ್ ‘ಡೀರ್’, ಸ್ವೀಡಿಷ್ ‘ಯೂರ್’ ಇವುಗಳಿಗೆ ಪ್ರಾಣಿ ಎಂಬ ಸಾಮಾನ್ಯಾರ್ಥವಿದೆ. ನಾಯಿ, ಹಸು, ಆನೆ ಎಲ್ಲವೂ ಅವುಗಳ ವ್ಯಾಪ್ತಿಗೆ ಸೇರುತ್ತವೆ. ಇಂಗ್ಲಿಷಿನಲ್ಲಿ ಆ ಪದ ಒಂದೇ ಕುಲದ ಪ್ರಾಣಿಗೆ ಸೀಮಿತವಾಯಿತು. ಭಾಷಾಶಾಸ್ತ್ರದ ಪಠ್ಯಗಳು ಅರ್ಥಸಂಕೋಚಕ್ಕೆ ಇದನ್ನು ಮಾದರಿಯಾಗಿ ಕೊಡುವುದುಂಟು. ಸಂಸ್ಕೃತದ ‘ಮೃಗ’ ಶಬ್ದವೂ ಇಂಥದೇ ದಾರಿ ತುಳಿದಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಈ ಸಂಕೋಚದ ಕಾರಣ ಹೆಚ್ಚು ಸ್ಪಷ್ಟವಾಗುತ್ತದೆ ಎಂಬುದು ನನ್ನ ವಾದ.

ಹಳೆಯ ಇಂಗ್ಲಿಷಿನ ‘ಡೇಓರ್’ ಮುಖ್ಯವಾಗಿ ಕಾಡುಪ್ರಾಣಿಯನ್ನು ಸೂಚಿಸುತ್ತಿತ್ತು. ಗಂಡು ಕೆಂಜಿಂಕೆಗೆ ‘ಹೆಓರ್ಟ್’, ಹೆಣ್ಣಿಗೆ ‘ಹಿಂಡ್’ ಎಂಬ ಬೇರೆ ಹೆಸರುಗಳಿದ್ದವು. ಒಂಬತ್ತನೆಯ ಶತಮಾನದ ಕೊನೆಯಲ್ಲಿ ನಾರ್ವೆಯ ಓಹ್ತೆರೆ ಎಂಬ ನಾವಿಕ ಆಲ್ಫ್ರೆಡ್ ದೊರೆಯ ಮುಂದೆ ತನ್ನ ಸಂಪತ್ತನ್ನು ವಿವರಿಸಿದ. ತನ್ನಲ್ಲಿ ಪಳಗಿದ 600 ‘ಡೇಓರ್’ಗಳಿವೆ, ಅವನ್ನು ‘ಹ್ರಾನ್’ ಎನ್ನುತ್ತಾರೆ ಎಂದು ಅವನು ಹೇಳಿದ್ದು ಒರೋಸಿಯಸನ ಚರಿತ್ರೆಯ ಹಳೆಯ ಇಂಗ್ಲಿಷ್ ರೂಪಾಂತರದಲ್ಲಿ ದಾಖಲಾಗಿದೆ. ಹ್ರಾನ್ ಎಂದರೆ ಹಿಮಸಾರಂಗ. ಇಲ್ಲಿ ‘ಡೇಓರ್’ ಎಂಬುದನ್ನು ಪ್ರಾಣಿ ಎಂದರೂ ವಾಕ್ಯ ಕೂಡುತ್ತದೆ, ಜಿಂಕೆಜಾತಿ ಎಂದರೂ ಕೂಡುತ್ತದೆ. ಇಂಥ ಇಬ್ಬಂದಿ ಪ್ರಯೋಗಗಳೇ ಅರ್ಥ ಜಾರುವ ಜಾಗಗಳು.

ಜಾರಿದ್ದಕ್ಕೆ ಬಲವಾದ ಸಾಕ್ಷ್ಯ ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್‌ನ 1087ನೆಯ ವರ್ಷದ ನಮೂದು. ಆ ವರ್ಷ ತೀರಿಕೊಂಡ ವಿಲಿಯಂ ದೊರೆಯ ಗುಣದೋಷಗಳನ್ನು ಎಣಿಸುತ್ತ ಬರೆದವನು ಅವನ ಬೇಟೆಕಾಡಿನ ಕಟ್ಟಳೆಗಳಿಗೆ ಬರುತ್ತಾನೆ. ದೊರೆ ‘ಡೇಓರ್‌ಫ್ರಿತ್’, ಅಂದರೆ ‘ಡೇಓರ್’ಗಳಿಗೆ ರಕ್ಷಣೆ, ಜಾರಿಗೆ ತಂದ, ಹೆಓರ್ಟನ್ನೋ ಹಿಂಡನ್ನೋ ಕೊಂದವನ ಕಣ್ಣು ಕೀಳಿಸಬೇಕೆಂದು ವಿಧಿಸಿದ. ಸಾಮಾನ್ಯಾರ್ಥದ ಪದ ಮೊದಲು ಬಂದು, ಅದರ ಬೆನ್ನಿಗೇ ಅದನ್ನು ವಿವರಿಸಲು ಜಿಂಕೆಯ ಗಂಡುಹೆಣ್ಣುಗಳ ಹೆಸರು ಬಂದಿದೆ. ಕಾಡಿನಲ್ಲಿ ತೋಳ, ನರಿ, ಮೊಲ ಎಲ್ಲವೂ ಇದ್ದವು. ಕಾಯ್ದೆಯ ಕಣ್ಣಿಗೆ ಮುಖ್ಯವಾದ ‘ಡೇಓರ್’ ಮಾತ್ರ ದೊರೆ ಬೇಟೆಯಾಡುವ ಪ್ರಾಣಿ.

ಈ ಸಂಕೋಚಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ಬೇರೆ. ಫ್ರೆಂಚಿನಿಂದ ‘ಬೀಸ್ಟ್’ ಬಂದು ಸಾಮಾನ್ಯಾರ್ಥವನ್ನು ಕಸಿದುಕೊಂಡಿತು, ಆಮೇಲೆ ಲ್ಯಾಟಿನ್ ಮೂಲದ ‘ಅನಿಮಲ್’ ಬಂದು ‘ಬೀಸ್ಟ್’ ಅನ್ನೂ ಮೂಲೆಗೊತ್ತಿತು ಎನ್ನುತ್ತಾರೆ. ಎರಡನೆಯ ಮಾತು ನಿಜ. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ‘ಅನಿಮಲ್’ ಇಲ್ಲ, ಪ್ರಾಣಿಗಳೆಲ್ಲ ಅಲ್ಲಿ ‘ಬೀಸ್ಟ್’ಗಳೇ. ಮೊದಲನೆಯ ಮಾತನ್ನು ಹಾಗೆಯೇ ಒಪ್ಪುವುದು ಕಷ್ಟ. ‘ಬೀಸ್ಟ್’ ಇಂಗ್ಲಿಷ್ ಬರಹದಲ್ಲಿ ಕಾಣಿಸುವುದು ಸುಮಾರು 1200ರ ಹೊತ್ತಿಗೆ. ಕ್ರಾನಿಕಲ್‌ನ ಸಾಕ್ಷ್ಯ ಅದಕ್ಕಿಂತ ನೂರು ವರ್ಷ ಹಳೆಯದು. ಜರ್ಮನ್ ಭಾಷೆಯೂ ಅದೇ ಲ್ಯಾಟಿನ್ ಪದವನ್ನು ‘ಬೆಸ್ಟೀ’ ಎಂದು ಎರವಲು ಪಡೆಯಿತು, ಆದರೂ ‘ಟೀರ್’ ತನ್ನ ಜಾಗ ಬಿಡಲಿಲ್ಲ. ಅದಕ್ಕಿಂತ ಮಹತ್ವದ ಸಂಗತಿ ಇನ್ನೊಂದಿದೆ: ಜರ್ಮನ್ ಬೇಟೆಗಾರರ ವೃತ್ತಿಭಾಷೆಯಲ್ಲಿ ‘ಟೀರ್’ ಎಂದರೆ ಹೆಣ್ಣು ಕೆಂಜಿಂಕೆ. ಊರಿನವರಿಗೆ ಪ್ರಾಣಿಯಾದದ್ದು ಬೇಟೆಗಾರನಿಗೆ ಜಿಂಕೆ. ಇಂಗ್ಲೆಂಡಿನಲ್ಲಿ ಬೇಟೆಯ ಬಳಕೆ ದೊರೆಯ ಕಾಯ್ದೆಯ ಬೆಂಬಲದಿಂದ ಇಡೀ ಸಮಾಜದ ಬಳಕೆಯಾಯಿತು. ಜರ್ಮನಿಯಲ್ಲಿ ವೃತ್ತಿಯೊಳಗೇ ಉಳಿಯಿತು. ‘ವೆನಿಸನ್’ ಪದದ ಕಥೆಯೂ ಇದಕ್ಕೆ ಹೊಂದುತ್ತದೆ. ಲ್ಯಾಟಿನ್ನಿನ ಬೇಟೆವಾಚಕದಿಂದ ಬಂದ ಆ ಪದ ಯಾವುದೇ ಬೇಟೆಯ ಮಾಂಸಕ್ಕೆ ಸಲ್ಲುತ್ತಿತ್ತು, ಈಗ ಜಿಂಕೆಯ ಮಾಂಸಕ್ಕೆ ಮಾತ್ರ. ಎರವಲು ಪದ ತೆರವಾದ ಜಾಗವನ್ನು ತುಂಬಿತೇ ಹೊರತು ತೆರವು ಮಾಡಿಸಲಿಲ್ಲ.

ಹಳೆಯ ಅರ್ಥ ಒಮ್ಮೆಗೇ ಅಳಿಯಲಿಲ್ಲ. ‘ಕಿಂಗ್ ಲಿಯರ್’ ನಾಟಕದಲ್ಲಿ ಹುಚ್ಚನ ವೇಷದ ಎಡ್ಗರ್ ಇಲಿ ಹೆಗ್ಗಣಗಳನ್ನೂ ‘ಡಿಯರ್’ ಎನ್ನುತ್ತಾನೆ. ಅದು ಒಂದು ಹಳೆಯ ಪದ್ಯಕಥನದಿಂದ ಇಳಿದುಬಂದ ಮಾತು. ‘ವಿಲ್ಡರ್ನೆಸ್’ ಎಂಬ ಪದದ ನಡುವೆಯೂ ಈ ‘ಡೇಓರ್’ ಅಡಗಿದೆ: ಕಾಡುಪ್ರಾಣಿಗಳ ನೆಲೆ ಎಂಬುದೇ ಅದರ ಮೂಲಾರ್ಥ. ಅಲ್ಲಿ ಜಿಂಕೆಯನ್ನು ಹುಡುಕಬೇಕಾಗಿಲ್ಲ.

ಈಗ ‘ಮೃಗ’. ಋಗ್ವೇದದಲ್ಲಿ ಇದು ಕಾಡುಪ್ರಾಣಿ. ಆನೆಗೆ ಅಲ್ಲಿರುವ ಹೆಸರು ‘ಹಸ್ತವುಳ್ಳ ಮೃಗ’. ಬರಬರುತ್ತ ಜಿಂಕೆ ಎಂಬ ಅರ್ಥ ಮೇಲುಗೈ ಪಡೆಯಿತು. ಅಮರಕೋಶದ ಸಿಂಹಾದಿ ವರ್ಗದಲ್ಲಿ ಕುರಂಗ, ಹರಿಣಗಳಿಗೆ ‘ಮೃಗ’ ಪರ್ಯಾಯಪದ. ಬೇಟೆಗೆ ಸಂಸ್ಕೃತದ ಹೆಸರು ‘ಮೃಗಯಾ’ ಎಂಬುದನ್ನು ಇಲ್ಲಿ ನೆನೆಯಬೇಕು. ಇಂಗ್ಲೆಂಡಿನ ಕಾಯ್ದೆಯ ಅಗತ್ಯವಿಲ್ಲದೆ, ಬೇಟೆಯ ರೂಢಿಯೊಂದೇ ಇದೇ ಫಲ ಕೊಟ್ಟಿದೆ. ಸಮಾಸಗಳಲ್ಲಿ ಎರಡೂ ಪದರಗಳು ಉಳಿದಿವೆ. ಮೃಗರಾಜ, ಶಾಖಾಮೃಗ, ಖಗಮೃಗ ಇವುಗಳಲ್ಲಿ ಹಳೆಯ ಅರ್ಥವಿದ್ದರೆ ಮೃಗನಯನಿ, ಮೃಗಾಂಕ, ಮೃಗಶಿರಗಳಲ್ಲಿ ಜಿಂಕೆ ಇದೆ.

ಕನ್ನಡಕ್ಕೆ ಈ ಪದ ಎರಡೂ ಅರ್ಥಗಳನ್ನು ಹೊತ್ತು ಬಂದಿತು. ‘ಮಿಗ’ ಎಂಬ ತದ್ಭವವೂ ಆಯಿತು. ಆದರೆ ಇಲ್ಲಿ ಎರಳೆ, ಹುಲ್ಲೆ, ಚಿಗರೆ, ಕಡವೆ, ಜಿಂಕೆ ಎಂದು ಒಂದೊಂದು ಬಗೆಗೂ ಬಾಯಲ್ಲಿ ನೆಲೆಸಿದ ಹೆಸರಿತ್ತು. ಹುಬ್ಬಳ್ಳಿ-ಧಾರವಾಡದ ತ್ವರಿತ ಬಸ್ಸಿಗೆ ‘ಚಿಗರಿ’ ಎಂದೇ ಹೆಸರಿಟ್ಟಿದ್ದಾರೆ. ಹೀಗಾಗಿ ಜಿಂಕೆಯರ್ಥದ ‘ಮೃಗ’ ಕಾವ್ಯಕ್ಕೆ, ಕೃಷ್ಣಮೃಗದಂಥ ಸಮಾಸಗಳಿಗೆ ಸರಿಯಿತು. ಬಿಡಿಪದವಾಗಿ ಅದು ಮತ್ತೆ ಕಾಡುಪ್ರಾಣಿಯಾಯಿತು, ಅಷ್ಟೇ ಅಲ್ಲ, ಕ್ರೌರ್ಯದ ಕಡೆಗೆ ವಾಲಿತು. ‘ಮೃಗೀಯ’ ಎಂಬ ವಿಶೇಷಣದಲ್ಲಿ ಜಿಂಕೆಯ ಸುಳಿವೂ ಇಲ್ಲ. 1892ರಲ್ಲಿ ಆರಂಭವಾದ ಮೈಸೂರಿನ ಮೃಗಾಲಯ ಹಕ್ಕಿಹಾವುಗಳನ್ನೂ ಆ ಹೆಸರಿನಡಿ ಸಾಕಿದೆ, ಆದರೆ ಮನೆಯ ಹಸುವನ್ನು ಕನ್ನಡಿಗರು ಮೃಗ ಎನ್ನುವುದಿಲ್ಲ. ಮಲಯಾಳದಲ್ಲಿ ಹಾಗೆನ್ನಲು ಅಡ್ಡಿಯಿಲ್ಲ. ದನಕರುಗಳ ಚಿಕಿತ್ಸಾಲಯ ಅಲ್ಲಿ ‘ಮೃಗಾಶುಪತ್ರಿ’. ಹಿಂದಿಯಲ್ಲಿ ಮೃಗ ಜಿಂಕೆಯೇ. ಒಂದೇ ಪದ ಮೂರು ಭಾಷೆಗಳಲ್ಲಿ ಮೂರು ಗಡಿ ಹಾಕಿಕೊಂಡಿದೆ, ಅಕ್ಕಪಕ್ಕದ ಪದಗಳು ಎಷ್ಟು ಜಾಗ ಬಿಟ್ಟವೋ ಅಷ್ಟು.

ಇದೇ ನಿಯಮ ಕನ್ನಡದ ‘ಜಾನುವಾರು’ವಿನಲ್ಲೂ ಕಾಣುತ್ತದೆ. ಫಾರಸಿಯ ‘ಜಾನ್ವರ್’ ಎಂದರೆ ಜೀವವುಳ್ಳದ್ದು, ಯಾವುದೇ ಪ್ರಾಣಿ. ಹಿಂದಿ-ಉರ್ದುಗಳಲ್ಲಿ ಈಗಲೂ ಹುಲಿ ಜಾನ್ವರ್. ಕನ್ನಡದಲ್ಲಿ ಅದು ಕೊಟ್ಟಿಗೆಗೆ ಸೇರಿತು. ಮೃಗ ಕಾಡಿಗೆ ಹೋಯಿತು, ಜಾನುವಾರು ಹಟ್ಟಿಗೆ ಬಂತು, ನಡುವಿನ ಸಾಮಾನ್ಯ ನೆಲ ‘ಪ್ರಾಣಿ’ಯದಾಯಿತು. ‘ಪ್ರಾಣಿ’ಯೊಳಗಿರುವುದು ಉಸಿರಾಡು ಎಂಬರ್ಥದ ‘ಅನ್’ ಧಾತು. ಲ್ಯಾಟಿನ್ನಿನ ‘ಅನಿಮ’ಕ್ಕೂ ಅದೇ ಮೂಲ. ಹೀಗಾಗಿ ಇಂಗ್ಲಿಷಿನ ‘ಅನಿಮಲ್’ ನಮ್ಮ ‘ಪ್ರಾಣಿ’ಗೆ ಅರ್ಥದಲ್ಲಷ್ಟೇ ಅಲ್ಲ, ಹುಟ್ಟಿನಲ್ಲೂ ನೆಂಟ. ‘ಡಿಯರ್’ ಪದವನ್ನೂ ವಿದ್ವಾಂಸರು ಉಸಿರಿಗೆ ಸಂಬಂಧಿಸಿದ ಮತ್ತೊಂದು ಧಾತುವಿಗೆ ಒಯ್ಯುತ್ತಾರೆ.

‘ಮೃಗ’ದ ಜ್ಞಾತಿಪದ ಇರಾನಿ ಭಾಷೆಗಳಲ್ಲಿ ಎಲ್ಲಿಗೆ ಮುಟ್ಟಿತು ಎಂಬುದು ಬೇಟೆಯ ವಾದಕ್ಕೆ ಎದುರಾಗುವ ಕಠಿಣ ಪ್ರಶ್ನೆ. ಅವೆಸ್ತದ ‘ಮೆರೆಘ’ ಎಂದರೆ ಹಕ್ಕಿ. ಅದೇ ಫಾರಸಿಯ ‘ಮುರ್ಘ್’, ಉರ್ದುವಿನಲ್ಲಿ ಕೋಳಿ. ಅಲ್ಲಿನ ಬೇಟೆಯಲ್ಲಿ ಹಕ್ಕಿಯೇ ಪ್ರಧಾನವಾಗಿತ್ತು ಎಂದು ಊಹಿಸಿ ವಾದವನ್ನು ಉಳಿಸಿಕೊಳ್ಳುವುದು ಸುಲಭ, ಆದರೆ ಕ್ರಾನಿಕಲ್‌ನಂಥ ದಾಖಲೆ ಕೈಯಲ್ಲಿಲ್ಲದೆ ಹಾಗೆ ಹೇಳುವುದು ಸಲ್ಲದು. ಇಂಗ್ಲಿಷ್ ಮತ್ತು ಸಂಸ್ಕೃತಗಳ ಮಟ್ಟಿಗೆ ಬೇಟೆಯ ವಿವರಣೆ ನಿಲ್ಲುತ್ತದೆ. ಇರಾನಿ ಶಾಖೆಗೆ ಅದನ್ನು ಹಿಗ್ಗಿಸಲು ನಾನು ಸಿದ್ಧನಿಲ್ಲ.