ಆಸ್ಪತ್ರೆಗಳಲ್ಲಿ ಔಷಧ ನಿರೋಧಕ ಕರುಳಿನ ಬ್ಯಾಕ್ಟೀರಿಯಾಗಳ ಹರಡುವಿಕೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಮನುಷ್ಯನ ಕರುಳಿನಲ್ಲಿ ಇ. ಕೋಲೈ, ಕ್ಲೆಬ್ಸಿಯೆಲ್ಲಾ ಮುಂತಾದ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಅಲ್ಲಿ ಇವುಗಳಿಂದ ಸಾಮಾನ್ಯವಾಗಿ ತೊಂದರೆಯಿರುವುದಿಲ್ಲ. ಮೂತ್ರನಾಳ, ರಕ್ತ, ಶ್ವಾಸಕೋಶ ಅಥವಾ ಶಸ್ತ್ರಚಿಕಿತ್ಸೆಯ ಗಾಯವನ್ನು ಪ್ರವೇಶಿಸಿದಲ್ಲಿ ಸೋಂಕು ಉಂಟಾಗುತ್ತದೆ. ಇತರೆ ಪ್ರತಿಜೀವಕ ಔಷಧಗಳು ಫಲಿಸದಿದ್ದಾಗ ಕಾರ್ಬಪೆನೆಮ್ ವರ್ಗದ ಚುಚ್ಚುಮದ್ದು ನೀಡಲಾಗುತ್ತದೆ. ಇದಕ್ಕೂ ಬಗ್ಗದ ಬ್ಯಾಕ್ಟೀರಿಯಾಗಳನ್ನು ವಿಶ್ವ ಆರೋಗ್ಯ ಸಂಸ್ಥೆಯು 2024ರ ಪಟ್ಟಿಯಲ್ಲಿ ಅತ್ಯಂತ ಗಂಭೀರ ವರ್ಗಕ್ಕೆ ಸೇರಿಸಿದೆ.

ನಿರೋಧಕತೆಯ ಸ್ವರೂಪ

ಎನ್‌ಡಿಎಂ-1 ಎಂಬ ಕಿಣ್ವವು ಕಾರ್ಬಪೆನೆಮ್ ಔಷಧವನ್ನು ಒಡೆದು ನಿಷ್ಕ್ರಿಯಗೊಳಿಸುತ್ತದೆ. ಭಾರತದಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ ರೋಗಿಯೊಬ್ಬರಲ್ಲಿ 2008ರಲ್ಲಿ ಇದು ಪತ್ತೆಯಾಯಿತು. ಸದರಿ ರೋಗಿಯ ಮೂತ್ರದಲ್ಲಿದ್ದ ಕ್ಲೆಬ್ಸಿಯೆಲ್ಲಾ ಹಾಗೂ ಮಲದಲ್ಲಿದ್ದ ಇ. ಕೋಲೈ ಎರಡರಲ್ಲಿಯೂ ಇದರ ವಂಶವಾಹಿ ಕಂಡುಬಂದಿತು. ಅಂದರೆ, ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಮತ್ತೊಂದು ಜಾತಿಗೂ ಈ ಗುಣವು ವರ್ಗಾವಣೆಯಾಗಬಲ್ಲದು. ಅನಗತ್ಯವಾಗಿ ಪ್ರತಿಜೀವಕ ಸೇವಿಸಿದಾಗ ದುರ್ಬಲ ಬ್ಯಾಕ್ಟೀರಿಯಾಗಳು ಸತ್ತು, ನಿರೋಧಕವಾದವು ವೃದ್ಧಿಯಾಗುತ್ತವೆ.

ಹರಡುವ ಬಗೆ

ಇವುಗಳನ್ನು ಕರುಳಿನಲ್ಲಿ ಹೊಂದಿರುವ ವ್ಯಕ್ತಿಗೆ ಯಾವುದೇ ರೋಗಲಕ್ಷಣ ಇಲ್ಲದಿರಬಹುದು. ಆಸ್ಪತ್ರೆಯಿಂದ ಬಿಡುಗಡೆಯಾದ ನಂತರವೂ ಇವು ತಿಂಗಳುಗಟ್ಟಲೆ ಉಳಿಯಬಹುದು. ಮಲದ ಸೂಕ್ಷ್ಮ ಅಂಶವು ಕೈಗಳು, ಬೆಡ್‌ಪ್ಯಾನ್, ಮಂಚದ ಸರಳು, ಶೌಚಾಲಯದ ನಲ್ಲಿ ಇತ್ಯಾದಿಗಳ ಮೂಲಕ ಇತರರನ್ನು ತಲುಪುತ್ತದೆ. ತೀವ್ರ ನಿಗಾ ಘಟಕದ ರೋಗಿಗಳು, ನವಜಾತ ಶಿಶುಗಳು ಹಾಗೂ ಕ್ಯಾತಿಟರ್ ಅಳವಡಿಸಲ್ಪಟ್ಟವರಿಗೆ ಅಪಾಯ ಹೆಚ್ಚು.

ಸಾರ್ವಜನಿಕರು ಅನುಸರಿಸಬೇಕಾದ ಕ್ರಮಗಳು

1. ದಾಖಲಾಗುವಾಗ ಹಿಂದಿನ ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ ಮತ್ತು ಕಲ್ಚರ್ ವರದಿಗಳನ್ನು ತಪ್ಪದೆ ವೈದ್ಯರಿಗೆ ತೋರಿಸುವುದು. ಸೂಕ್ತ ಔಷಧದ ಆಯ್ಕೆಗೆ ಇದು ನೆರವಾಗುತ್ತದೆ.

2. ರೋಗಿಯನ್ನು ಮುಟ್ಟುವ ಮೊದಲು ಹಾಗೂ ನಂತರ, ಶೌಚಾಲಯ ಬಳಸಿದ ನಂತರ, ಸಾಬೂನಿನಿಂದ 40ರಿಂದ 60 ಸೆಕೆಂಡುಗಳ ಕಾಲ ಕೈ ತೊಳೆಯುವುದು. ಕೈಗಳು ಕಣ್ಣಿಗೆ ಕಾಣುವಂತೆ ಕೊಳೆಯಾಗಿಲ್ಲದಿದ್ದಲ್ಲಿ ಆಲ್ಕೊಹಾಲ್‌ಯುಕ್ತ ದ್ರಾವಣದಿಂದ 20ರಿಂದ 30 ಸೆಕೆಂಡು ಉಜ್ಜಿಕೊಳ್ಳಬಹುದು.

3. ರೋಗಿಯ ಸಹಾಯಕರು ಇತರೆ ರೋಗಿಗಳ ಹಾಸಿಗೆಯ ಮೇಲೆ ಕುಳಿತುಕೊಳ್ಳಬಾರದು.

4. ಕ್ಯಾತಿಟರ್ ಇನ್ನೂ ಅಗತ್ಯವೇ ಎಂದು ಪ್ರತಿದಿನ ವಿಚಾರಿಸುವುದು.

5. ವೈದ್ಯರ ಚೀಟಿಯಿಲ್ಲದೆ ಪ್ರತಿಜೀವಕ ಖರೀದಿಸಬಾರದು. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಅನುಸೂಚಿ ಎಚ್1ರನ್ವಯ, ಕಾರ್ಬಪೆನೆಮ್ ಸೇರಿದಂತೆ ಹಲವು ಔಷಧಗಳ ಮಾರಾಟವನ್ನು ಔಷಧ ಅಂಗಡಿಯವರು ಪ್ರತ್ಯೇಕ ವಹಿಯಲ್ಲಿ ದಾಖಲಿಸತಕ್ಕದ್ದು.

ವಿಶೇಷ ಸೂಚನೆ

ರೋಗಲಕ್ಷಣಗಳಿಲ್ಲದವರಿಗೆ ಕೇವಲ ಈ ಬ್ಯಾಕ್ಟೀರಿಯಾ ಕರುಳಿನಲ್ಲಿದೆ ಎಂಬ ಕಾರಣಕ್ಕೆ ಸಾಮಾನ್ಯವಾಗಿ ಪ್ರತಿಜೀವಕ ನೀಡುವ ಅಗತ್ಯವಿರುವುದಿಲ್ಲ. ಅಂತಹ ರೋಗಿಯನ್ನು ಪ್ರತ್ಯೇಕ ಕೊಠಡಿಯಲ್ಲಿರಿಸುವುದು ಪಕ್ಕದ ಹಾಸಿಗೆಯ ರೋಗಿಯ ರಕ್ಷಣೆಗಾಗಿಯೇ ಹೊರತು ಬಹಿಷ್ಕಾರವಲ್ಲ. ಆದುದರಿಂದ ಸಾರ್ವಜನಿಕರು ಮಾಹಿತಿಯನ್ನು ಮರೆಮಾಚದೆ ಆಸ್ಪತ್ರೆಯ ಸಿಬ್ಬಂದಿಯೊಂದಿಗೆ ಸಹಕರಿಸಲು ಕೋರಲಾಗಿದೆ.