ವೈದ್ಯನ ಮರುಹುಟ್ಟು

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಔಷಧಗಳ, ಶಸ್ತ್ರಗಳ, ಗ್ರಂಥಗಳ ಚರಿತ್ರೆಯನ್ನು ಬರೆಯುತ್ತಾರೆ. ವೈದ್ಯನು ತನ್ನನ್ನು ತಾನು ಏನೆಂದು ತಿಳಿದಿದ್ದನು, ವಿದ್ಯಾರ್ಥಿಯು ಯಾವ ಗಳಿಗೆಯಲ್ಲಿ ತಾನು ವೈದ್ಯನಾದೆನೆಂದು ಎಣಿಸುತ್ತಿದ್ದನು ಎಂಬ ವಿಚಾರವು ಬದಿಗುಳಿಯುತ್ತದೆ. ಇದಕ್ಕೆ ಬೇಕಾದ ಸಾಮಗ್ರಿಯು ನಮ್ಮ ಗ್ರಂಥಗಳಲ್ಲಿ ಇಲ್ಲದಿಲ್ಲ. ಅದನ್ನು ಕ್ರಮವಾಗಿ ಪರಿಶೀಲಿಸಿದರೆ, ಲೋಕವು ವೈದ್ಯನಿಗೆ ಕೊಟ್ಟ ಸ್ಥಾನಕ್ಕೂ ಅವನು ತನಗೆ ಸಲ್ಲಬೇಕೆಂದ ಸ್ಥಾನಕ್ಕೂ ಇದ್ದ ವಿರೋಧದಿಂದಲೇ ಅವನ ಆತ್ಮಗೌರವವು ರೂಪುಗೊಂಡಿತೆಂದು ತೋರುತ್ತದೆ.

ತೈತ್ತಿರೀಯ ಸಂಹಿತೆಯ ಆರನೆಯ ಕಾಂಡದಲ್ಲಿ ಒಂದು ಕಥೆಯಿದೆ. ಯಜ್ಞದ ಶಿರಸ್ಸು ಕಡಿದುಹೋಗಲು ದೇವತೆಗಳು ಅಶ್ವಿನೀದೇವತೆಗಳನ್ನು ಬೇಡಿಕೊಂಡರು. ಅವರು ಅದನ್ನು ಮತ್ತೆ ಕೂಡಿಸಿದರು. ಹೀಗಿದ್ದರೂ, ಮನುಷ್ಯರ ನಡುವೆ ತಿರುಗಾಡುವ ವೈದ್ಯರೆಂಬ ಕಾರಣದಿಂದ ಅವರು ಅಶುದ್ಧರೆನಿಸಿದರು. ಶುದ್ಧೀಕರಣವಾದ ಮೇಲೆಯೇ ಅವರಿಗೆ ಸೋಮದ ಭಾಗವು ದೊರೆಯಿತು. ಬ್ರಾಹ್ಮಣನು ಚಿಕಿತ್ಸೆಯನ್ನು ಮಾಡಬಾರದೆಂಬ ವಿಧಿಯೂ ಅಲ್ಲಿಯೇ ಇದೆ. ಮುಂದೆ ಮನುಸ್ಮೃತಿಯು ಚಿಕಿತ್ಸಕನನ್ನು ಶ್ರಾದ್ಧದಿಂದ ಹೊರಗಿಟ್ಟು, ಅವನ ಅನ್ನವನ್ನೂ ನಿಷೇಧಿಸಿತು. ರೋಗಿಯ ದೇಹವನ್ನು ಮುಟ್ಟುವವನೂ ಎಲ್ಲ ವರ್ಣದವರ ಮನೆಗೆ ಹೋಗುವವನೂ ಆದ ವೈದ್ಯನು ಬೇಕಾದವನಾಗಿದ್ದನು, ಆದರೆ ಪಂಕ್ತಿಗೆ ಸಲ್ಲದವನಾಗಿದ್ದನು.

ಚರಕಸಂಹಿತೆಯ ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯದಲ್ಲಿ ಇದೇ ಕಥೆಯು ಮತ್ತೆ ಬರುತ್ತದೆ. ಫಲಿತಾಂಶ ಮಾತ್ರ ತಿರುಗುಮುರುಗಾಗಿದೆ. ಯಜ್ಞದ ಶಿರಸ್ಸನ್ನು ಕೂಡಿಸಿದ ಅಶ್ವಿನಿಗಳನ್ನು ದೇವತೆಗಳೇ ಪೂಜಿಸಿರುವಾಗ, ಮನುಷ್ಯರು ವೈದ್ಯನನ್ನು ಎಷ್ಟು ಗೌರವಿಸಬೇಕೆಂದು ಗ್ರಂಥವು ವಾದಿಸುತ್ತದೆ. ಅಲ್ಲಿಗೂ ನಿಲ್ಲದೆ, ವಿದ್ಯೆಯು ಮುಗಿದಾಗ ವೈದ್ಯನಿಗೆ ಮತ್ತೊಂದು ಜನ್ಮವಾಗುತ್ತದೆಂದೂ ವೈದ್ಯನೆಂಬ ಹೆಸರು ಹಿಂದಿನ ಹುಟ್ಟಿನಿಂದ ಬರುವುದಲ್ಲವೆಂದೂ ಹೇಳುತ್ತದೆ. ಇದು ಎರಡನೆಯ ಜನ್ಮವೋ ಮೂರನೆಯದೋ ಎಂಬಲ್ಲಿ ಪಾಠಭೇದವುಂಟು. ಅದರಿಂದ ತಾತ್ಪರ್ಯಕ್ಕೆ ಬಾಧೆಯಿಲ್ಲ. ಜನ್ಮದಿಂದ ಸ್ಥಾನವನ್ನು ಅಳೆಯುವ ಸಮಾಜದಲ್ಲಿ, ವಿದ್ಯೆಯನ್ನೇ ಜನ್ಮವೆಂದು ಸಾರಿದ ಈ ಮಾತು ಸಾಮಾನ್ಯವಾದುದಲ್ಲ.

ಈ ಜನ್ಮಕ್ಕೆ ತೆರಬೇಕಾದ ಬೆಲೆಯು ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿದೆ. ಅಲ್ಲಿ ಗುರುವು ಅಗ್ನಿಯ ಮುಂದೆ, ಬ್ರಾಹ್ಮಣರ ಮತ್ತು ವೈದ್ಯರ ಸಮಕ್ಷಮದಲ್ಲಿ, ಶಿಷ್ಯನಿಗೆ ಉಪದೇಶಮಾಡುತ್ತಾನೆ. ಪ್ರಾಣಕ್ಕೆ ಕುತ್ತು ಬಂದರೂ ರೋಗಿಗೆ ದ್ರೋಹ ಬಗೆಯಬಾರದು. ಮನೆಯೊಳಗಿನ ಸಂಗತಿಯನ್ನು ಹೊರಗೆ ಆಡಬಾರದು. ಬಲ್ಲವನಾದರೂ ಬಹಳವಾಗಿ ಹೊಗಳಿಕೊಳ್ಳಬಾರದು. ಅದೇ ಉಪದೇಶದಲ್ಲಿ, ರಾಜನು ದ್ವೇಷಿಸುವವರಿಗೆ ಔಷಧವನ್ನು ಕೊಡಬಾರದೆಂಬ ಮಾತೂ ಇದೆ. ಗೌರವವನ್ನು ಬಯಸಿದ ವೃತ್ತಿಯು ಆ ಗೌರವವನ್ನು ಕೊಡಬಲ್ಲ ಅಧಿಕಾರಕ್ಕೆ ಎಷ್ಟರಮಟ್ಟಿಗೆ ತಲೆಬಾಗಿತೆಂಬುದಕ್ಕೆ ಇದೇ ಸಾಕ್ಷಿ.

ಕನ್ನಡ ನಾಡಿನಲ್ಲಿ ಈ ವಿಚಾರವು ಬೇರೊಂದು ಬಣ್ಣವನ್ನು ತಳೆಯಿತು. ಒಂಬತ್ತನೆಯ ಶತಮಾನದ ಜೈನ ಮುನಿ ಉಗ್ರಾದಿತ್ಯನು ಸಂಸ್ಕೃತದಲ್ಲಿ ರಚಿಸಿದ ಕಲ್ಯಾಣಕಾರಕದ ಕೊನೆಯಲ್ಲಿ, ನೃಪತುಂಗನ ಸಭೆಯಲ್ಲಿ ಮಾಂಸಾಹಾರವನ್ನು ಖಂಡಿಸಿ ಮಾಡಿದ ವಾದವನ್ನು ಸೇರಿಸಿದ್ದಾನೆ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಕನ್ನಡಿಸಿದಾಗಲೂ ಮದ್ಯಮಾಂಸಗಳಿಲ್ಲದ ಚಿಕಿತ್ಸೆಯೇ ಅಲ್ಲಿ ವಿಹಿತವಾಯಿತು. ಗುಣವಾದರೆ ಸಾಲದು, ಗುಣಪಡಿಸುವ ಸಾಧನವೂ ವೈದ್ಯನ ಧರ್ಮಕ್ಕೆ ಒಪ್ಪಬೇಕೆಂಬುದು ಇವರ ನಿಲುವು. ಚಾಲುಕ್ಯ ರಾಜವಂಶದ ಕೀರ್ತಿವರ್ಮನು ಗೋವೈದ್ಯವನ್ನು ಬರೆದನು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷಚಿಕಿತ್ಸೆಯನ್ನು ಖಗೇಂದ್ರಮಣಿದರ್ಪಣವೆಂಬ ಕಾವ್ಯವಾಗಿಸಿದನು. ಸ್ಮೃತಿಯು ಪಂಕ್ತಿಯಿಂದ ಎಬ್ಬಿಸಿದವನ ವಿದ್ಯೆಯು ಇಲ್ಲಿ ರಾಜಕುಮಾರನಿಗೂ ಕವಿಗೂ ತಕ್ಕ ವಿಷಯವಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಅಶುದ್ಧಿಯ ಪ್ರಶ್ನೆಯು ಹೊಸ ರೂಪದಲ್ಲಿ ಎದ್ದಿತು. ಕಲ್ಕತ್ತೆಯ ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದವನ್ನು ಬೋಧಿಸಿದ್ದ ಮಧುಸೂದನ ಗುಪ್ತರು, 1835ರಲ್ಲಿ ಸ್ಥಾಪಿತವಾದ ಮೆಡಿಕಲ್ ಕಾಲೇಜನ್ನು ಸೇರಿ, 1836ರಲ್ಲಿ ಶವಚ್ಛೇದಕ್ಕೆ ಕೈಹಾಕಿದರು. ಅಗ್ನಿಸಾಕ್ಷಿಯ ಸ್ಥಾನಕ್ಕೆ ಶವಶಾಲೆಯು ಬಂದಿತು. ಮೈಸೂರು ಸಂಸ್ಥಾನದಲ್ಲಿ 1908ರಲ್ಲಿ ಆಯುರ್ವೇದ ಕಾಲೇಜೂ 1924ರಲ್ಲಿ ಮೆಡಿಕಲ್ ಕಾಲೇಜೂ ಪ್ರಾರಂಭವಾದುವು. ಬೆಂಗಳೂರಿನಲ್ಲಿ ಹುಟ್ಟಿದ ಎರಡನೆಯದು 1930ರಲ್ಲಿ ಮೈಸೂರಿಗೆ ಬರಲು, ಒಂದೇ ಊರಿನಲ್ಲಿ ಪಂಡಿತರೂ ಡಾಕ್ಟರರೂ ಸಿದ್ಧರಾಗತೊಡಗಿದರು. 1931ರ ವೈದ್ಯ ನೋಂದಣಿ ಶಾಸನದಿಂದ ಸರ್ಕಾರದ ದಾಖಲೆಯೂ ವೈದ್ಯತ್ವದ ಒಂದು ಗುರುತಾಯಿತು.

2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ವಿದ್ಯಾರ್ಥಿಗಳಿಗೆ ಚರಕಶಪಥವನ್ನು ಮಾರ್ಪಡಿಸಿದ ರೂಪದಲ್ಲಿ ಸೂಚಿಸಿದುದರಿಂದ ಈ ಹಳೆಯ ವಿಚಾರಕ್ಕೆ ಮತ್ತೆ ಜೀವ ಬಂದಿದೆ. ಪರ ವಿರೋಧವಾಗಿ ವಾದಿಸುವವರಲ್ಲಿ ಹಲವರು ಅದು ನಮ್ಮದೋ ಗ್ರೀಕರದೋ ಎಂಬುದನ್ನೇ ಮುಖ್ಯವಾಗಿ ಎಣಿಸಿದರು. ಆದರೆ ರಾಜನ ಶತ್ರುವಿಗೆ ಔಷಧವಿಲ್ಲವೆಂಬ ಪ್ರಾಚೀನ ಮಾತು, ರಾಜಕೀಯಪಕ್ಷವು ವೈದ್ಯನಿಗೂ ರೋಗಿಗೂ ನಡುವೆ ಬರಕೂಡದೆಂದ 1948ರ ಜಿನೀವಾ ಘೋಷಣೆಯೊಡನೆ ಕೂಡದು. ಅದನ್ನು ಬಿಡುವುದು ಚರಕನಿಗೆ ಅಪಚಾರವಲ್ಲ. ಬಿಟ್ಟೆವೆಂಬುದನ್ನು ಮರೆಮಾಚಿದರೆ ಚರಿತ್ರೆಗೆ ಅಪಚಾರ. ಉಳಿಸಿಕೊಳ್ಳಬೇಕಾದುದು ಬೇರೆಯಿದೆ: ವೈದ್ಯನು ಹುಟ್ಟುವುದು ಕುಲದಲ್ಲಿ ಅಲ್ಲ, ದಾಖಲೆಯಲ್ಲಿಯೂ ಅಲ್ಲ, ವಿದ್ಯೆಯಲ್ಲಿ. ಲೋಕವು ಅಶುದ್ಧನೆಂದಾಗ ವೈದ್ಯನು ಕೊಟ್ಟ ಈ ಉತ್ತರವು, ಲೋಕವು ಅವನನ್ನು ಹೊಗಳುವ ಕಾಲದಲ್ಲಿಯೂ ಅವನಿಗೆ ನೆನಪಿರತಕ್ಕದ್ದು.