ಮದ್ರಾಸಿನಿಂದ ಹಾನ್ಲೆಗೆ, ಜವಳಗೇರಾ ಹಾದು

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಬೇರು ಇರುವುದು ಮದ್ರಾಸಿನ ಎಗ್ಮೋರಿನಲ್ಲಿ. ವಿಲಿಯಂ ಪೆಟ್ರಿ 1786ರಲ್ಲಿ ಅಲ್ಲಿ ಖಾಸಗಿ ವೀಕ್ಷಣಾಲಯ ಹೂಡಿದ. 1792ರ ಹೊತ್ತಿಗೆ ಅದು ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ವೀಕ್ಷಣಾಲಯವಾಗಿ ನೆಲೆಗೊಂಡಿತು. ನಾಲ್ಕೇ ವರ್ಷಕ್ಕೆ ಫ್ರಾನ್ಸಿನ ಲಾಪ್ಲಾಸ್, ತಿರುಗುವ ಅನಿಲದ ಮೋಡ ಕುಗ್ಗಿ ಸೂರ್ಯನೂ ಗ್ರಹಗಳೂ ಹುಟ್ಟಿದವೆಂಬ ವಾದ ಮುಂದಿಟ್ಟ. ಆ ವಾದ ಬಹಳಷ್ಟು ತಿದ್ದುಪಡಿ ಕಂಡಿದೆ, ತಿರುಳು ಉಳಿದಿದೆ: ಸುಮಾರು 460 ಕೋಟಿ ವರ್ಷಗಳ ಹಿಂದೆ ಮೋಡವೊಂದು ಕುಸಿದು ನಡುವೆ ಸೂರ್ಯನಾಯಿತು, ಸುತ್ತಲಿನ ತಟ್ಟೆಯಲ್ಲಿ ದೂಳು ಅಂಟಿಕೊಂಡು ಕಲ್ಲಾಗಿ, ಕಲ್ಲುಗಳು ಕೂಡಿ ಗ್ರಹಗಳಾದವು. ಯಾರೂ ಕಾಣದ ಈ ಹೆರಿಗೆಗೆ ಸಾಕ್ಷಿ ಹುಡುಕುವ ಕೆಲಸದಲ್ಲಿ ಈ ಸಂಸ್ಥೆಯ ಪಾಲೂ ಇದೆ.

ಸೂರ್ಯನ ಅಧ್ಯಯನ 1899ರಲ್ಲಿ ಕೊಡೈಕೆನಾಲ್ ಬೆಟ್ಟಕ್ಕೆ ಏರಿತು. ಎಂ.ಕೆ. ವೈನು ಬಾಪು ಅವರ ನೇತೃತ್ವದಲ್ಲಿ 1971ರಲ್ಲಿ ಸ್ವಾಯತ್ತ ಸಂಸ್ಥೆ ರೂಪುಗೊಂಡಿತು. ತಮಿಳುನಾಡಿನ ಕಾವಲೂರಿನಲ್ಲಿ ಅವರು ಕಟ್ಟಿದ ವೀಕ್ಷಣಾಲಯ 1977ರ ಮಾರ್ಚ್ 10ರಂದು ಯುರೇನಸ್ ನಕ್ಷತ್ರವೊಂದನ್ನು ಮರೆಮಾಡುವುದನ್ನು ಕಾಯುತ್ತಿತ್ತು. ಗ್ರಹ ಅಡ್ಡ ಬರುವ ಮೊದಲೇ ನಕ್ಷತ್ರ ಮಂಕಾಯಿತು. ಯುರೇನಸ್ಸಿಗೆ ಉಂಗುರಗಳಿವೆ ಎಂಬುದು ಅಮೆರಿಕದ ವಿಮಾನ ವೀಕ್ಷಣಾಲಯದ ಜೊತೆಗೆ ಇಲ್ಲಿಯೂ ದಾಖಲಾಯಿತು. ತುಣುಕುಗಳು ಗುರುತ್ವದ ಹಿಡಿತದಲ್ಲಿ ಹೇಗೆ ಸಾಲುಗಟ್ಟುತ್ತವೆಂದು ಇಂದಿಗೂ ತೋರಿಸುವ ಪುಟ್ಟ ತಟ್ಟೆಗಳು ಆ ಉಂಗುರಗಳು.

ರಾಯಚೂರು ಸೀಮೆಗೂ ಈ ಚರಿತ್ರೆಯಲ್ಲಿ ಜಾಗವಿದೆ. 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣಕ್ಕೆ ಸಂಸ್ಥೆಯ ತಂಡ ಬಿಡಾರ ಹೂಡಿದ್ದು ನಮ್ಮ ಕವಿತಾಳಕ್ಕೆ ದೂರವಲ್ಲದ ಸಿಂಧನೂರು ಬದಿಯ ಜವಳಗೇರಾದಲ್ಲಿ. ಮೂರು ನಿಮಿಷವೂ ಉಳಿಯದ ಆ ಕತ್ತಲಲ್ಲಿ ಸೂರ್ಯನ ಕಿರೀಟದ ಬೆಳಕನ್ನು ಬಿಡಿಸಿ ನೋಡಿದರು.

ಬಾಪು 1982ರಲ್ಲಿ ತೀರಿಕೊಂಡರು. 1986ರಲ್ಲಿ ಕಾವಲೂರಿನ ವೀಕ್ಷಣಾಲಯಕ್ಕೆ ಅವರ ಹೆಸರಿಟ್ಟರು. 1988ರ ಫೆಬ್ರವರಿ 17ರಂದು ಆರ್. ರಾಜಮೋಹನ್ ಅಲ್ಲಿ ಕ್ಷುದ್ರಗ್ರಹವೊಂದನ್ನು ಪತ್ತೆಮಾಡಿದರು. ಅದೀಗ 4130 ರಾಮಾನುಜನ್. ಗ್ರಹವಾಗಲಾರದೆ ಉಳಿದ ಇಂಥ ಕಲ್ಲುಗಳು ಆ ಆದಿ ತಟ್ಟೆಯ ಸಾಮಗ್ರಿಯನ್ನು ಬಹುಮಟ್ಟಿಗೆ ಕಾಪಾಡಿಕೊಂಡಿವೆ.

ಈಗ ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ, ಸಂಸ್ಥೆಯ 2 ಮೀಟರ್ ದೂರದರ್ಶಕವಿದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. ಅದರ ಗುರಿಗಳಲ್ಲಿ ಎಳೆಯ ನಕ್ಷತ್ರಗಳೂ ಸೇರಿವೆ. ನಮ್ಮ ಸೂರ್ಯನ ಬಾಲ್ಯ ಮುಗಿದುಹೋಗಿದ್ದರೂ, ದೂಳಿನ ತಟ್ಟೆ ಹೊತ್ತ ಅವುಗಳಲ್ಲಿ ಅದೇ ಕಥೆಯ ಮೊದಲ ಅಧ್ಯಾಯ ಇನ್ನೂ ನಡೆಯುತ್ತಿದೆ.